ರವಿವಾರದ ಘಾಟು

ಬ್ಯಾಡಗಿ ಪ್ಯಾಟ್ಯಾಗ ಗಂಡಸರ ಕಣ್ಣೀರಿಗೆ
ಯಾರೂ ಕಾರಣ ಕೇಳಂಗಿಲ್ಲ.
ಸೋಮವಾರ, ಗುರುವಾರ ಲಿಲಾವು. ಗಾಳೀನ ಕೆಂಪು.
ದಲಾಲ ಅಳತಾನ, ಲಾರಿ ಡ್ರೈವರ್ ಅಳತಾನ,
ತೂಕದ ಗುಮಾಸ್ತ ಮೂಗು ಒರಸ್ಕೋತ ಚೀಟಿ ಬರೀತಾನ.
ಇಪ್ಪತ್ತೆರಡು ವರ್ಷ ಅದರಾಗ ನಾನೂ ಅತ್ತೇನಿ.
ಯಾವುದು ಮೆಣಸಿನಕಾಯಿದು, ಯಾವುದು ನಂದು,
ಲೆಕ್ಕ ಇಟ್ಟಿಲ್ಲ.

ನಾನು ದಾವಲಸಾಬ, ಹಮಾಲ.
ಚೀಲ ನೋಡಾಕ ಗುಡ್ಡ, ತೂಕ ನಲವತ್ತರ ಮ್ಯಾಲ ಒಂದೋ ಎರಡೋ.
ಕಾಟಾ ಬ್ಯಾಡ ನನಗ, ಹೆಗಲ ಹೇಳತೈತಿ.
ಅಡತಿ ಅಂಗಡಿಯವರು ಪಂಥ ಕಟ್ಟಿ ಚಾ ಸೋತಾರ.

ಬಲಗೈ ಮೊಣಕೈ ಮಾತ್ರ
ಏಳು ವರ್ಷಾತು, ಪೂರಾ ಚಾಚಂಗಿಲ್ಲ.
ಎಕ್ಸ್‌ರೇದಾಗ ಏನೂ ಇಲ್ಲ.
ಎಣ್ಣಿ ಹಚ್ಚಿದೆ, ಬಿಸಿ ಇಟ್ಟಿಗಿ ಇಟ್ಟೆ,
ದರ್ಗಾದಾಗ ದಾರ ಕಟ್ಟಿಸಿದೆ. ದಾರ ಹರೀತು, ಕೈ ಹಂಗ ಉಳೀತು.

ಹಮಾಲರ ಸಂಘದ ಹಾಲ್‌ನ್ಯಾಗ ರವಿವಾರ ರವಿವಾರ
ಹಾವೇರಿಯಿಂದ ಒಬ್ಬಾಕಿ ಬರತಾಳ, ಸುಲೋಚನಾ ಕಮ್ಮಾರ.
ಡಾಕ್ಟರಲ್ಲ, ತಾನ ಹೇಳತಾಳ.
ಖಾಲಿ ಗೋಣಿಚೀಲ ಹಾಸಿ ನಮ್ಮನ್ನ ಮಲಗಸ್ತಾಳ,
ಏಳು ಮಂದಿ, ಒಣಾಕ ಹಾಕಿದ ಕಾಯಿ ಹಂಗ ಸಾಲಾಗಿ.
"ಉಸಿರು ಎಲ್ಲಿ ಮಟಾ ಹೋಗತೈತಿ, ಬರೇ ನೋಡ್ರಿ."
ಮೊದಲ ರವಿವಾರ ಫಕ್ಕೀರಪ್ಪ ಬಿದ್ದು ಬಿದ್ದು ನಕ್ಕ.
ಎರಡನೇದಕ್ಕ ಗೊರಕಿ ಹೊಡದ.
ಮೂರನೇದಕ್ಕ ಬೀಡಿ ನೆವ ಮಾಡಿ ಹೊರಗ ಹೋದಾಂವ
ಗ್ವಾಡಿಗೆ ಹಣಿ ಹಚ್ಚಿ ನಿಂತಿದ್ದ, ಬೀಡಿ ಹೊತ್ತಿಸಿರಲಿಲ್ಲ.
ಯಾರೂ ಏನೂ ಅನ್ನಲಿಲ್ಲ. ಕೇಳೂ ಪದ್ಧತಿ ನಮ್ಮಲ್ಲಿಲ್ಲ.

ನನ್ನ ಪಾಳಿ ಬಂತು. ಆಕಿ ನನ್ನ ಮೊಣಕೈ ಕೆಳಗ
ಒಂದು ಕೈ ಕೊಟ್ಟಳು, ಮುಂಗೈ ಕೆಳಗ ಒಂದು.
ಕುಲುಮಿ ಮನಿ ಕೈ, ಗಡಸು.
"ಭಾರ ಪೂರಾ ನನಗ ಬಿಡ್ರಿ."
"ಬಿಟ್ಟೇನ್ರಿ."
"ಬಿಟ್ರಾ?"
"ಬಿಟ್ಟೇನಿ ಅಂದ್ನಲ್ಲ."
ಆಕಿ ಮೆಲ್ಲಕ ತನ್ನ ಎರಡೂ ಕೈ ತಗೊಂಡಳು.
ನನ್ನ ಕೈ ಅಲ್ಲೇ ಗಾಳ್ಯಾಗ ನಿಂತಿತ್ತು.
ಹಗ್ಗ ಇಲ್ಲ, ಗೂಟ ಇಲ್ಲ.
ಬಾಗಿದ ಮೊಣಕೈ, ಮ್ಯಾಲ ಮಾಡಿದ ಅಂಗೈ,
ಎದಿಗೆ ಒಂದು ಗೇಣು ದೂರ,
ಯಾರರ ಏನರ ಇಟ್ಟು ಹೋಗ್ಯಾರೇನೋ ಅನ್ನುವಂಗ.

ಲಾರಿಗಟ್ಟಲೆ ಮಾಲು ಇಳಿಸಿದವಗ
ತನ್ನ ಕೈ ಇಳಿಸಾಕ ಬರಲಿಲ್ಲ.

ಆವಾಗ ಗುರುತು ಹತ್ತಿತು.
ದವಾಖಾನಿ ಹಿಂದಿನ ಬಾಗಿಲ. ಬಿಳಿ ಅರಿವ್ಯಾಗ ಸುತ್ತಿ
ನರ್ಸಮ್ಮ ಇದ ಕೈಯಾಗ ಕೊಟ್ಟಿದ್ಲು.
ಅಳದ ಕೂಸು. ಹೆಸರಿಲ್ಲ.
ಕಬರಸ್ತಾನದ ಮಟಾ ನಡದೆ.
"ಕೊಡೋ, ನಾ ಹಿಡೀತೇನಿ," ಅಂದ್ರು ಮಂದಿ.
ನಾ ಹಮಾಲ ಅದೇನಿ, ಅಂದೆ. ಇಷ್ಟ ತೂಕ ನನಗೇನು.
ಮರುದಿನ ಗುರುವಾರ. ನೂರಾ ಹನ್ನೊಂದು ಚೀಲ ಹೊತ್ತೆ.

ಸುಲೋಚನಾ ಏನೂ ಕೇಳಲಿಲ್ಲ.
ತನ್ನ ಕೈ ತಿರಗಿ ಕೆಳಗ ತಂದು ಇಟ್ಟಳು, ಅಷ್ಟ.
ಎಷ್ಟೊತ್ತೋ. ಹೊರಗ ಒಂದು ಟಂಟಂ ಹೋತು.
ಮೊಣಕೈಯಾಗ ನಡುಕ ಎದ್ದು ಹೆಗಲಿಗೆ ಬಂತು,
ಹೆಗಲಿಂದ ಗಂಟಲಿಗೆ. ಆಮ್ಯಾಲ ನನ್ನ ಬಾಯಿಂದ
ಯಾವ ಜನಾವರದ್ದೋ ದನಿ.

"ಘಾಟು," ಅಂದೆ, ಕಣ್ಣು ಒರಸ್ಕೋತ.
ಬಾಜೂ ಗೋಣಿ ಮ್ಯಾಲಿಂದ ಫಕ್ಕೀರಪ್ಪ ಅಂದ,
"ಇವತ್ತ ರವಿವಾರಲೇ ದಾವಲ. ಪ್ಯಾಟಿ ಬಂದ್ ಐತಿ."

ಕೈ ಪೂರಾ ನೆಟ್ಟಗಾಗಿಲ್ಲ. ಸುಳ್ಳು ಯಾಕ ಹೇಳಲಿ.
ಎರಡು ಬೆರಳಷ್ಟು ಇಳದೈತಿ.

ರಾತ್ರಿ ಜೈಬುನ್ನಿ ರೊಟ್ಟಿ ಬಡಿಯಾಕ ಕುಂತಿದ್ಲು.
ಒಲಿ ಕಡೆ ನೋಡಿ ಅಂದೆ,
"ಒಂದು ಕಿಲೊ ಎಂಟುನೂರು ಇತ್ತು ನೋಡು, ಅದು."
ರೊಟ್ಟಿ ಸಪ್ಪಳ ನಿಂತಿತು.
ಏಳು ವರ್ಷ ಈ ಮನ್ಯಾಗ ಆಡದ ಮಾತು.
ಹಿಟ್ಟಿನ ಕೈ ಹಂಗ ಹಿಡಕೊಂಡು ಆಕಿ ನನ್ನ ತಿದ್ದಿದಳು:
"ಒಂಬೈನೂರು."