ತಪ್ಪು ಚೌಕ

ಗ್ಯುಮ್ರಿಯಲ್ಲಿ ನಲವತ್ತೊಂದು ವರ್ಷ ಕ್ಷೌರ ಮಾಡಿದವನಿಗೆ
ಗದ್ದ ಹಿಡಿದು ಮುಖ ತಿರುಗಿಸುವುದು ಹೊಸತಲ್ಲ.
ಇಲ್ಲಿ ಮಾತ್ರ ಒಂದು ಬೆರಳು ಸಾಕಂತೆ.
ಮೇಲಕ್ಕೆ ತಳ್ಳಿದರೆ
ಮುಖದ ಹಿಂದೆ ಮುಖ, ಮತ್ತೆ ಮುಖ,
ಕುರ್ಚಿ ಖಾಲಿಯಾಗುವುದೇ ಇಲ್ಲ.

ಖಾತೆ ತೆರೆದುಕೊಟ್ಟವನು ರೂಬೆನ್, ನನ್ನ ಕೈಕೆಳಗಿನ ಹುಡುಗ.
ಫೋಟೊ ಅವನೇ ಹಿಡಿದ, ಏಪ್ರನ್ ಬಿಚ್ಚಲೂ ಬಿಡದೆ.
ಹುಟ್ಟಿದ ದಿನ ಕೇಳಿತು, ಕೊಟ್ಟೆ.
ಹುಟ್ಟಿದ ಊರು ಕೇಳಿತು.
ಲೆನಿನಕಾನ್, ಅಂದೆ.
ಆ ಹೆಸರಲ್ಲಿ ಊರು ಬರ್ತಾ ಇಲ್ಲ, ಉಸ್ತಾದ್,
ಗ್ಯುಮ್ರಿ ಅಂತ ಹಾಕಲಾ?
ಹಾಕು ಮಾರಾಯ,
ಬೋರ್ಡು ಬದಲಾದಾಗ ನಾನೇನು ಮನೆ ಬದಲಿಸಿದ್ದೆನೆ?

ಮೊದಲ ರಾತ್ರಿ ಕಂಡದ್ದು:
ಔಷಧಿ ಅಂಗಡಿಯ ಶೂಶಾನ್ ಮಾಡಿದ ಮಾಂಸದ ಕಡುಬು,
ಒಂದು ಬದಿ ಕರಕಲು, ಆಹಾ ಎಂದವರು ಐವತ್ತೆರಡು ಜನ.
ನನ್ನ ಸಾಲ ತೀರಿಸದ ಗಾರ್ನಿಕ್ ಬರೆದ
ಪ್ರಾಮಾಣಿಕತೆಯ ಬಗ್ಗೆ ನಾಲ್ಕು ಸಾಲು.
ಅರಗಾತ್ಸ್ ಬೆಟ್ಟದ ಮೇಲೆ ಸೂರ್ಯ,
ಅದೇ ಸೂರ್ಯ ಇನ್ನೊಬ್ಬನ ಕಿಟಕಿಯಿಂದ.
ಯಾರದೋ ಶವಯಾತ್ರೆಗೆ ಅಂಟಿಕೊಂಡು ಯಾರದೋ ಬೆಕ್ಕು.

ಅಂಗಡಿಯಲ್ಲೂ ಹೀಗೇ ತಾನೆ, ಅಂದುಕೊಂಡೆ.
ಒಬ್ಬ ಕಣ್ಣೀರು ಒರೆಸುವಾಗಲೇ
ಬೆಂಚಿನ ಮೇಲಿನವನಿಗೆ ಹಾಸ್ಯ ನೆನಪಾಗುತ್ತದೆ.
ಆದರೆ ಅಲ್ಲಿ ನಾನು ಕತ್ತರಿ ನಿಲ್ಲಿಸಬಹುದು.
ಕತ್ತರಿ ನಿಂತರೆ ಬೆಂಚಿಗೂ ಗೊತ್ತಾಗುತ್ತದೆ.
ಇಲ್ಲಿ ಸುಮ್ಮನಾದವನು
ಬಂದೇ ಇಲ್ಲದವನ ಲೆಕ್ಕ.

ಹೆಬ್ಬೆಟ್ಟು ಒತ್ತುತ್ತಿದ್ದವನು ನಮ್ಮಜ್ಜ, ಓದು ಬರದೆ.
ಓದಿದವರೂ ಒತ್ತುವುದನ್ನು ಈಗ ಕಂಡೆ.
ಕೈತಪ್ಪಿ ನಾನೂ ಒತ್ತಿದೆ
ಹನ್ನೆರಡು ವರ್ಷ ಹಿಂದಿನ ಒಂದು ಮದುವೆಗೆ.
ಗಂಡ ಹೆಂಡತಿ ಈಗ ಬೇರೆಯಂತೆ,
ರೂಬೆನ್ ಹಣೆ ಚಚ್ಚಿಕೊಂಡ.

ಮೂರನೆಯ ರಾತ್ರಿ ಒಂದು ಬಿಳಿ ಚೌಕ:
ಸಹಾಕ್, ನಿಮ್ಮ ಮನಸ್ಸಿನಲ್ಲೇನಿದೆ?
ಗಿರಾಕಿಗಳು ಇದನ್ನು ಕೇಳುವುದಿಲ್ಲ,
ಕೇಳುವುದು ನನ್ನ ಕಸುಬು.
ಹುಡುಕುವ ಜಾಗ ಇದೇ ಇರಬೇಕೆಂದು
ಕೋಳಿ ಕಾಳು ಹೆಕ್ಕಿದಂತೆ ಕುಕ್ಕಿದೆ:
ಜಾವೆನ್ ನಲ್ಬಂದ್ಯಾನ್. ಕ್ಷೌರಿಕ. ಎರಡನೆಯ ಕುರ್ಚಿ.
ಎಡಚ. ಎಲ್ಲಿದ್ದಾನೆ.
ಒತ್ತಿದೆ. ಏನೂ ಸಿಗಲಿಲ್ಲ.
ದೀಪ ಆರಿಸಿ ಮಲಗಿದೆ.

ಬೆಳಗಾಗುವಷ್ಟರಲ್ಲಿ ಊರೇ ಅಂಗಡಿಯೊಳಗೆ ಬಂದಿತ್ತು.
ನನ್ನಪ್ಪನ ಮೀಸೆ ಅವರದೇ ಕೈ, ಎಂದು ಮಾರ್ಸೇಯಿಂದ ಒಬ್ಬ.
ಸೈನ್ಯಕ್ಕೆ ಹೊರಟಾಗ ತಲೆ ಬೋಳಿಸಿ
ದುಡ್ಡು ಬೇಡ ಅಂದಿದ್ದರು, ಎಂದು ರೋಸ್ತೋವ್‌ನಿಂದ.
ಭೂಕಂಪದ ಮೂರನೇ ದಿನ ಬ್ರೆಡ್ಡಿನ ಸಾಲಲ್ಲಿ ನೋಡಿದೆ.
ಅಲ್ಲ, ಅದು ಅವನ ತಮ್ಮ.
ಅವನಿಗೆ ತಮ್ಮನೇ ಇರಲಿಲ್ಲ.
ಒಬ್ಬಳು ಬರೀ ಮೇಣದಬತ್ತಿ ಹಚ್ಚಿಟ್ಟಳು.
ಸತ್ತದ್ದು ನೀನು ನೋಡಿದ್ದೀಯಾ ಎಂದು
ಅವಳ ಮೇಲೆ ಒಬ್ಬ ಹರಿಹಾಯ್ದ.
ಚಳಿಗಾಲದ ಟೈರು ಬೇಕಾ, ಎಂದೂ ಒಬ್ಬ ಕೇಳಿದ್ದ.

ಅದು ಹುಡುಕುವ ಜಾಗ ಅಲ್ಲ, ಉಸ್ತಾದ್,
ಊರಿಗೆಲ್ಲ ಡಂಗುರ ಹೊಡೆದಿದ್ದೀರಿ.
ಅಳಿಸಲಾ?

ಬೆಲ್ಟಿನ ಮೇಲೆ ಕತ್ತಿ ಮಸೆಯುತ್ತಿದ್ದೆ.
ಚೌಕದಲ್ಲಿ ಬರೆಯದೆ ಉಳಿದದ್ದು ಇಷ್ಟು:
ಆ ಡಿಸೆಂಬರಿನ ಹಿಂದಿನ ಸಂಜೆ
ಒಂದು ಸಾಣೆಕಲ್ಲಿಗಾಗಿ ಜಗಳ ತೆಗೆದು
ನಾಳೆಯಿಂದ ಬರಬೇಡ ಅಂದಿದ್ದೆ.
ಅವನು ಮಾತು ಕೇಳಿದ.
ಅಂಗಡಿಯ ಕಪ್ಪುಕಲ್ಲಿನ ಗೋಡೆ ನಿಂತಿತು.
ಅವನ ಬೀದಿಯ ಒಂಬತ್ತು ಮಹಡಿ
ನಿಲ್ಲಲಿಲ್ಲ.

ಮಧ್ಯಾಹ್ನ, ಅರ್ಧ ಗಡ್ಡ ಹೆರೆದಿರುವಾಗ,
ಕನ್ನಡಿಯ ಕೆಳಗಿನ ಫೋನು ನಡುಗಿತು.
ಮುಖವಿಲ್ಲದ ಒಂದು ಬೂದು ವೃತ್ತ,
ಅದರ ಪಕ್ಕ ಕುಣಿಯುವ ಮೂರು ಚುಕ್ಕಿ.
ಯಾರೋ ಬರೀತಾ ಇದಾರೆ, ಅಂದ ರೂಬೆನ್.
ಚುಕ್ಕಿ ನಿಂತವು.
ಮತ್ತೆ ಕುಣಿದವು.
ಮತ್ತೆ ನಿಂತವು.

ನನ್ನ ಕತ್ತಿಯೂ ನಿಂತಿತ್ತು.
ನೊರೆಯೊಳಗಿನಿಂದ ಗಿರಾಕಿ ಕಣ್ಣು ತೆರೆದು
ಏನಾಯ್ತು ಸಹಾಕ್, ಅಂದ.