ಬಾವಿ ಪಕ್ಕದ ಮುತ್ತುಗ

ಹೆಸರಘಟ್ಟ ದಾಟಿ, ಕೆರೆ ಏರಿ ಮುಗಿಯುವಲ್ಲಿ ಬಸ್ಸಿಳಿದೆ.
ಗೇಟಿನಲ್ಲಿ ಐವತ್ತು ರೂಪಾಯಿಯ ಚೀಟಿ.
ಚಪ್ಪಲಿ ಹೊರಗೆ.

ದೇವಸಹಾಯಂ ಅವರ ಕೋಣೆಯಲ್ಲಿ
ಹಾರ್ಲಿಕ್ಸ್ ಬಾಟಲಿಯೊಳಗೆ ಸೆಟೆದು ನಿಂತ ಕುಂಚಗಳು,
ಬಣ್ಣ ಕುಡಿದು ಕುಡಿದು ಹಲಗೆಯಾದ ಅಂಗಿ,
ಕಿಟಕಿಯ ಸರಳಿಗೆ ಒರೆಸಿಬಿಟ್ಟ ಹಸಿರು.
ನಾನು ಬೋರ್ಡು ಬರೆಯುವವನ ಮಗಳು.
ಟರ್ಪೆಂಟೈನ್ ವಾಸನೆ ಬಂದರೆ ಸಾಕು,
ಏಣಿಯ ಮೇಲಿಂದ ಅಪ್ಪ
'ಸುಣ್ಣದ ದಾರ ಬಿಗಿಯಾಗಿ ಹಿಡಿಯೇ' ಅಂದಂತಾಗುತ್ತದೆ.
ಇಲ್ಲಿ ಆ ವಾಸನೆಯಿಲ್ಲ. ಫಿನಾಯಿಲ್ ಮಾತ್ರ.

ನಾನು ಬಂದದ್ದು ಮರ ನೋಡಲು.
ಬ್ಯಾಂಕಿನ ಕ್ಯಾಲೆಂಡರಿನಲ್ಲಿ ಮನೆಗೆ ಬಂದು
ವರ್ಷ ಮುಗಿದರೂ ಅಡುಗೆಮನೆ ಗೋಡೆಯಿಂದ ಇಳಿಯದ ಚಿತ್ರ:
ಬಾವಿ, ಬಾವಿ ಪಕ್ಕ ಒಂಟಿ ಮುತ್ತುಗ,
ಎಲೆಯೊಂದೂ ಇಲ್ಲ, ಬರೀ ಕೆಂಡ.

ಹಿತ್ತಲಲ್ಲಿ ಬಾವಿ ಇತ್ತು. ಮುತ್ತುಗವೂ ಇತ್ತು.
ಚಿತ್ರದ್ದು ನೀರಿಗೆ ಇಣುಕುವಂತೆ ಎಡಕ್ಕೆ ವಾಲಿತ್ತು.
ಇದು ನೆಟ್ಟಗೆ,
ಶಾಲೆಯಲ್ಲಿ ಹಾಜರಿ ಹೇಳುವ ಹುಡುಗನ ಹಾಗೆ.

"ಮರ ಎಲ್ಲಿತ್ತು ತಾಯಿ," ಅಂದರು ಪಿಳ್ಳಮ್ಮ
ಪೈಪು ಹಿಡಿದು, ನನ್ನತ್ತ ನೋಡದೆ.
"ಅಯ್ಯ ಇಲ್ಲದ್ದನ್ನ ಬರೆದುಬಿಟ್ರು.
ಬಂದೋರೆಲ್ಲ ಕೇಳೋರು, ಮರ ಎಲ್ಲಿ, ಕಡಿದ್ಬಿಟ್ರಾ ಅಂತ.
ಕೊಡಲಿ ನನ್ನ ಕೈಲಿದ್ದಂಗೆ ನನ್ನ ಮುಖಾನೇ ನೋಡೋರು.
ಬೇಜಾರಾಗಿ, ಏರಿ ಮೇಲಿಂದ ಸಸಿ ಕಿತ್ತು ತಂದು ನೆಟ್ಟೆ.
ಹದಿನೇಳು ವರ್ಸ ನೀರು ಹುಯ್ದೆ.
ವಾಲೋದು ಮಾತ್ರ ಅದಕ್ಕೆ ಬರ್ಲಿಲ್ಲ."

ಅವರು ನೋಡಿದರಾ?

"ಮೊದಲ್ನೇ ಹೂವ ಬಿಟ್ಟಾಗ
ಕುರ್ಚಿ ಹಾಕಿಸ್ಕೊಂಡು ಸಂಜೆತನಕ ಕೂತಿದ್ರು.
ಬಣ್ಣ ಸರಿಯಾಗಿಲ್ಲ ಅಂದ್ರು."
ಪೈಪು ಮಡಚಿ ನಕ್ಕರು. ನೀರು ನಿಂತಿತು.

ಹೊರಡುವಾಗ, ಅಡುಗೆಮನೆ ಬಾಗಿಲ ಪಕ್ಕ
ಗಾಜು ಹೊದಿಸಿದ ಗೋಡೆಯ ತುಂಡು.
ಇದ್ದಿಲಲ್ಲಿ ಎಳೆದ ಗೀಟುಗಳು, ನಾಲ್ಕಕ್ಕೊಂದು ಅಡ್ಡಗೀಟು.
ಕೆಳಗೆ ಹಿತ್ತಾಳೆ ಫಲಕ: 'ಶೀರ್ಷಿಕೆಯಿಲ್ಲ'.
ಎಷ್ಟು ಹೊತ್ತು ನಿಂತೆನೋ.
ಎಲ್ಲ ಒಂದೇ ಉದ್ದ, ಎಲ್ಲೂ ಕೈ ನಡುಗಿಲ್ಲ,
ಅಪ್ಪ ಕಂಡಿದ್ದರೆ ಬೀಡಿ ಆರಿಸಿ ನೋಡುತ್ತಿದ್ದ ಗೆರೆ.

"ಅದು ನನ್ನ ಹಾಲಿನ ಲೆಕ್ಕ,"
ಬೆನ್ನ ಹಿಂದೆ ಪಿಳ್ಳಮ್ಮ, ಒದ್ದೆ ಕೈ ಸೆರಗಿಗೆ ಒರೆಸುತ್ತ,
"ಕೊನೇ ಹನ್ನೊಂದು ದಿನದ್ದು ಇನ್ನೂ ಬರಬೇಕು."