ಉಪ್ಪಿನ ಮೇಲೆ ಹೊರಿಸಿದ್ದು

ಮೂರು ವರ್ಷ ಉಪ್ಪನ್ನೇ ಬೈದೆ.
ಉಪ್ಪಿಗೆ ಬಾಯಿಲ್ಲ, ಬೈಸಿಕೊಂಡಿತು.

ಆಮೇಲೆ ಎದೆಮಟ್ಟ ಏರುವ ರಬ್ಬರಿನ ಷರಾಯಿಯನ್ನು.
ಅದರೊಳಗೆ ನಿಂತು ದಿನಕ್ಕೆ ನಾಲ್ಕು ತಾಸು
ಅರೌಸಾದ ಅಳಿವೆಯಲ್ಲಿ ಕೆಸರು ಕೆರೆದು
ಕಪ್ಪೆಚಿಪ್ಪು ಹೆಕ್ಕುವವರು ನಾವು, ಹದಿನೇಳು ಹೆಂಗಸರು.
ಬೆವರು ಒಳಗೇ ಇಂಗಬೇಕು,
ತುರಿಸದೆ ಇನ್ನೇನು ಮಾಡೀತು ಅಂದುಕೊಂಡೆ.

ಆಮೇಲೆ ಸಾಬೂನು. ಆಮೇಲೆ ಮುಪ್ಪು.
ಕೊನೆಗೆ, ಸತ್ತು ಹನ್ನೊಂದು ವರ್ಷವಾದ ಗಂಡನನ್ನು.

ಎವರಿಸ್ತೋ ದೂರದ ಮೀನುಹಡಗಿನವನು,
ಆರಾರು ತಿಂಗಳು ಊರಿನ ಮುಖ ಕಾಣದವನು.
ಯಾವ ಬಂದರಿನಿಂದ ಏನು ತಂದು ನನ್ನಲ್ಲಿ ಇಟ್ಟು ಹೋದನೋ!
ಉಪ್ಪು ತಿಂದವನು ಅವನು,
ನೀರು ಕುಡಿಯುತ್ತಿರುವವಳು ನಾನು.
ಆ ವರ್ಷ ಸತ್ತವರ ಹಬ್ಬಕ್ಕೆ ಸೇವಂತಿಗೆ ಒಯ್ಯಲಿಲ್ಲ.
ಪಕ್ಕದ ಗೋರಿಯ ಹೂವು ನೋಡಿಕೊಂಡು ಬಿದ್ದಿರಲಿ.

ತುರಿಕೆ ಹಗಲೆಲ್ಲ ಸಭ್ಯಸ್ತ.
ದೀಪ ಆರಿಸಿದರೆ ಸಾಕು, ಹಾಸಿಗೆಗೆ ಬರುತ್ತಿತ್ತು.
ಬೆಳಿಗ್ಗೆ ಉಗುರಿನ ಸಂದಿಯಲ್ಲಿ ತೆಳ್ಳನೆ ರಕ್ತದ ಗೆರೆ.
ಉಚ್ಚೆ ಹೊಯ್ದರೆ, ಒಡೆದ ತುಟಿಗೆ
ನಿಂಬೆ ಹಿಂಡಿದ ಹಾಗೆ.

ಗದ್ದದ ಕೂದಲು ಕೀಳುವ ಕೈಗನ್ನಡಿ ಹಿಡಿದು
ಒಂದು ಭಾನುವಾರ, ಬಾಗಿಲಿಗೆ ಅಗುಳಿ ಹಾಕಿ, ನೋಡಿದೆ.
ಬಿಳಿ.
ಈರುಳ್ಳಿಯ ಒಳಪೊರೆಯಷ್ಟು ತೆಳು, ಮಿರಮಿರ,
ಅಲ್ಲಲ್ಲಿ ಹೆಪ್ಪುಗಟ್ಟಿದ ನೇರಳೆ ಚುಕ್ಕಿ.
ಬದಲಾಗಿದೆ ಅನ್ನುವುದಕ್ಕೆ
ಮೊದಲಿನ ಮುಖ ಗೊತ್ತಿರಬೇಕಲ್ಲ?
ಅರವತ್ತಾರು ವರ್ಷ ಜೊತೆಗಿದ್ದೂ
ನಮ್ಮಿಬ್ಬರಿಗೆ ಅವತ್ತೇ ಪರಿಚಯ.

ಕತ್ತಲಲ್ಲಿ ಬೆರಳಾಡಿಸಿ ಹೇಳಬಲ್ಲೆ
ಯಾವ ಚಿಪ್ಪು ಯಾವ ಜಾತಿ, ಎಷ್ಟು ವಯಸ್ಸು.
ಇದಕ್ಕೆ ಮಾತ್ರ ಅಮ್ಮ ಕೊಟ್ಟ ಹೆಸರು ‘ಅಲ್ಲಿ’.
ಅಲ್ಲಿ ತೊಳಕೋ. ಅಲ್ಲಿ ಮುಟ್ಟಬೇಡ.
ಡಾಕ್ಟರಿಗೆ ಏನನ್ನಲಿ? ‘ಅಲ್ಲಿ’ ಅಂದರೆ
ಕಿಟಕಿಯಾಚೆ ನೋಡಿಯಾಳು.

ಮೂರು ಸಲ ಹೋದೆ.
ಮೂರು ಸಲವೂ ರಕ್ತದೊತ್ತಡದ ಗುಳಿಗೆ ಹಿಡಿದು ವಾಪಸು.
ನಾಲ್ಕನೆಯ ಸಲ ಬಾಗಿಲ ಹಿಡಿಯ ಮೇಲೆ ಕೈಯಿಟ್ಟವಳು
ಬಾಗಿಲಿಗೇ ಹೇಳಿದೆ: ‘ಇನ್ನೊಂದು ಇದೆ.’

ಡಾಕ್ಟರ್ ಸಬೇಲಾ, ನನ್ನ ಕಿರಿಮಗಳಿಗಿಂತ ಚಿಕ್ಕವಳು,
ಕೈಗವಸು ತೊಟ್ಟು ದೀಪ ಎಳೆದುಕೊಂಡಳು.
ಆ ಶಬ್ದವನ್ನು ಉಚ್ಚರಿಸಿದಳು, ಅಂಗಡಿಯವಳು
ಆಲೂಗಡ್ಡೆ ಅನ್ನುವಷ್ಟು ಸಲೀಸಾಗಿ.
ಅಂಟುವುದಲ್ಲ ಇದು, ಅಂದಳು. ಯಾರೂ ತಂದದ್ದಲ್ಲ.
ನಿಮ್ಮ ಮೈಯೇ ನಿಮ್ಮ ಚರ್ಮದ ಮೇಲೆ ಮುನಿದಿದೆ.
ಮೊದಲೇ ಬರಬೇಕಿತ್ತು, ಅನ್ನಲಿಲ್ಲ.
ಅಂದಿದ್ದರೆ ಅತ್ತುಬಿಡುತ್ತಿದ್ದೆ.

ಅವರೆಕಾಳಿನಷ್ಟು ಚರ್ಮ ಪೊಂತೆವೇದ್ರಾಕ್ಕೆ ಹೋಯಿತು.
ಹತ್ತೊಂಬತ್ತು ದಿನ ನಾನು ಚಿಪ್ಪು ಎಣಿಸಿದ್ದೆಲ್ಲ ತಪ್ಪು.
ಕ್ಯಾನ್ಸರ್ ಅಲ್ಲ ಅಂತ ಬಂತು. ಆದರೂ
ಆರು ತಿಂಗಳಿಗೊಮ್ಮೆ ತೋರಿಸಬೇಕು,
ಬೆರಳ ತುದಿಯಷ್ಟು ಮುಲಾಮು ಬಿಡದೆ ಹಚ್ಚಬೇಕು,
ಗಂಟೋ ಮಾಯದ ಹುಣ್ಣೋ ಕಂಡರೆ ಕಾಯದೆ ಬರಬೇಕು.
ಕರಗಿಹೋದ ಅಂಚು ಮಾತ್ರ ಮರಳುವುದಿಲ್ಲವಂತೆ.
ಆ ಮೂರು ವರ್ಷದ ಲೆಕ್ಕ
ನಾನೇ ಹಾಕಿಕೊಂಡೆ, ಬಸ್ಸಿನಲ್ಲಿ.

ಎವರಿಸ್ತೋನ ಹತ್ತಿರ ಹೋದೆ. ಮಾರ್ಚ್ ತಿಂಗಳು, ಸೇವಂತಿಗೆ ಎಲ್ಲಿ?
ಬೇಲಿಯ ಹಳದಿ ಹೂವು ಮುರಿದು ಇಟ್ಟೆ.
ಇದೊಂದು ನಿನ್ನ ತಪ್ಪಲ್ಲ, ಅಂದೆ.
ಉಳಿದವುಗಳ ಮಾತು ಬೇರೆ.

ಆಮೇಲೆ ತೂಕದ ಕೊಟ್ಟಿಗೆಯಲ್ಲಿ, ಚಿಪ್ಪು ವಿಂಗಡಿಸುತ್ತ,
ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.
ಅಲ್ಲಿ ಅನ್ನಲಿಲ್ಲ, ಹೆಸರೇ ಹೇಳಿದೆ.
ಎರಡು ವಾರಕ್ಕೂ ಬಿಡದ ತುರಿಕೆ, ಬಿಳಿಚಿದ ಚರ್ಮ,
ಹೊಸದಾಗಿ ಎದ್ದ ಗಂಟು, ಬಣ್ಣ ಬದಲಿಸಿದ ಮಚ್ಚೆ,
ಮುಟ್ಟು ನಿಂತಮೇಲೆ ಕಂಡ ರಕ್ತ:
ಉಪ್ಪನ್ನು ಬೈಯುತ್ತ ಕೂರಬೇಡಿ.

ಯಾರೂ ತಲೆಯೆತ್ತಲಿಲ್ಲ.
ಚಿಪ್ಪಿಗೆ ಚಿಪ್ಪು ತಾಗುವ ಸದ್ದು ಮಾತ್ರ.
ಹುಡುಗಿ ಉಷಿಯಾ ಕಿಸಕ್ಕನೆ ನಕ್ಕು, ನಕ್ಕಿದ್ದಕ್ಕೆ ಕೆಂಪಾದಳು.

ಗಾಡಿ ತುಂಬಿ ಎಲ್ಲರೂ ಹೊರಟಮೇಲೆ
ದೋಸಿಂದಾ, ಎಪ್ಪತ್ತೊಂದು, ವರ್ಷಗಳಿಂದ
ಬೆಂಚಿನ ಮೇಲೆ ಒಂದು ಪಕ್ಕಕ್ಕೇ ವಾಲಿ ಕೂರುವವಳು,
ಬುಟ್ಟಿ ತೊಳೆಯುವ ನೆವದಲ್ಲಿ ಹತ್ತಿರ ಬಂದು
ನೀರಿನ ಸದ್ದಿನ ಅಡಿಯಲ್ಲಿ ಕೇಳಿದಳು:

‘ಬಿಳಿ ಅಂದೆಯಲ್ಲ,
ಎಷ್ಟು ಬಿಳಿ?’